ನದಿ ಒಡ್ಡುಗಳ ದುರಸ್ತಿ: ಎತ್ತರಿಸುವ ಮೊದಲು ಬುಡ ನೋಡಬೇಕಲ್ಲವೇ?

ಹೊಳೆದಂಡೆ

ನೆರೆ ಇಳಿದ ಮೇಲೆ ಎಲ್ಲ ಕಡೆಯೂ ಕೇಳಿಬರುವ ಬೇಡಿಕೆ ಒಂದೇ: ಒಡ್ಡನ್ನು ಇನ್ನಷ್ಟು ಎತ್ತರಿಸಿ. ಎತ್ತರ ಕಣ್ಣಿಗೆ ಕಾಣುತ್ತದೆ, ಅಳೆಯುವುದು ಸುಲಭ, ಜನರಿಗೆ ಧೈರ್ಯವನ್ನೂ ಕೊಡುತ್ತದೆ. ಆದರೆ ಒಡ್ಡುಗಳು ಒಡೆದ ಚರಿತ್ರೆಯನ್ನು ನೋಡಿದರೆ, ನೀರು ತಲೆಯ ಮೇಲೆ ಉಕ್ಕುವ ಮೊದಲೇ ಕುಸಿದವು ಕಡಿಮೆಯೇನಲ್ಲ. 2008ರ ಆಗಸ್ಟ್ 18ರಂದು ನೇಪಾಳದ ಕುಸಹಾ ಬಳಿ ಕೋಸಿ ನದಿಯ ಪೂರ್ವದ ಒಡ್ಡು ಒಡೆದಾಗ ನದಿಯಲ್ಲಿ ಹರಿಯುತ್ತಿದ್ದದ್ದು ಸುಮಾರು 1.44 ಲಕ್ಷ ಕ್ಯೂಸೆಕ್ ನೀರು. ಆ ಒಡ್ಡನ್ನು ರೂಪಿಸಿದ್ದು 9.5 ಲಕ್ಷ ಕ್ಯೂಸೆಕ್ ತಡೆಯಲೆಂದು. ನದಿ ತನ್ನ ಹಳೆಯ ಪಾತ್ರವೊಂದಕ್ಕೆ ಹೊರಳಿ ಬಿಹಾರದ ಲಕ್ಷಾಂತರ ಜನರನ್ನು ನೆಲೆ ತಪ್ಪಿಸಿತು. 2005ರ ಕತ್ರಿನಾ ಚಂಡಮಾರುತದಲ್ಲಿ ನ್ಯೂ ಆರ್ಲಿಯನ್ಸ್ ನಗರದ 17ನೇ ಬೀದಿಯ ಕಾಲುವೆಯ ಗೋಡೆ, ನೀರು ತನ್ನ ತಲೆ ಮುಟ್ಟುವ ಮೊದಲೇ, ಅಡಿಯಲ್ಲಿದ್ದ ಮೆತ್ತನೆಯ ಜೇಡಿಯೊಂದಿಗೆ ಜಾರಿಹೋಯಿತು. ಇನ್ನೂ ಯೋಚನೆಗೆ ಹಚ್ಚುವ ಸಂಗತಿ ನೆದರ್‌ಲೆಂಡ್ಸ್‌ನ ವಿಲ್ನಿಸ್‌ನದು. ಅಲ್ಲಿ 2003ರ ಆಗಸ್ಟ್‌ನಲ್ಲಿ ನೆರೆಯೇ ಇರಲಿಲ್ಲ, ಇದ್ದದ್ದು ಬರ. ಕೊಳೆತ ಸಸ್ಯಗಳಿಂದಾದ ಪೀಟ್ ಮಣ್ಣಿನ ಒಡ್ಡು ಬಿಸಿಲಿಗೆ ಒಣಗಿ, ಹಗುರಾಗಿ, ಪಕ್ಕದ ಕಾಲುವೆಯ ನೀರಿನ ಒತ್ತಡವನ್ನೇ ತಾಳಲಾರದೆ ಸರಿದುಬಿಟ್ಟಿತು.

ನನ್ನ ಅಭಿಪ್ರಾಯವನ್ನು ಮೊದಲೇ ಸ್ಪಷ್ಟಪಡಿಸುತ್ತೇನೆ. ದುರಸ್ತಿಯ ಹಣದಲ್ಲಿ ಮೊದಲ ಪಾಲು ಈ ಒಡ್ಡು ಯಾವ ದಾರಿಯಿಂದ ಸೋಲಬಹುದು ಎಂಬುದನ್ನು ಪತ್ತೆಹಚ್ಚುವುದಕ್ಕೆ ಹೋಗಬೇಕು. ಅದು ಗೊತ್ತಿಲ್ಲದೆ ಮೇಲೆ ಮಣ್ಣು ಹೇರಿದರೆ, ದುರ್ಬಲವಾದ ಬುಡದ ಮೇಲೆ ಭಾರವೂ ಹೆಚ್ಚುತ್ತದೆ, ಮುಂದಿನ ಬಾರಿ ನಿಲ್ಲುವ ನೀರಿನ ಒತ್ತಡವೂ ಹೆಚ್ಚುತ್ತದೆ. ಮಣ್ಣಿನ ಕೆಲಸ ಬಲ್ಲವರು, ನದಿಯ ಲೆಕ್ಕ ಬಲ್ಲವರು, ಒಡ್ಡಿನ ಪಕ್ಕದಲ್ಲೇ ಬದುಕುವವರು ದಯವಿಟ್ಟು ವಿವರವಾಗಿ ಬರೆಯಿರಿ.

ಮಣ್ಣುಮಾಪಕ

ಮಣ್ಣು ಪರೀಕ್ಷೆಯ ಕೆಲಸದಲ್ಲಿರುವವಳಾಗಿ, ಹೊರಗಿನಿಂದ ಕಾಣದ ಒಂದು ದಾರಿಯ ಬಗ್ಗೆ ಬರೆಯುತ್ತೇನೆ. ಅದು ಒಡ್ಡಿನ ಅಡಿಯ ಜಿನುಗು.

ನದಿ ಬಯಲಿನ ನೆಲದಲ್ಲಿ ಸಾಮಾನ್ಯವಾಗಿ ಮೇಲೆ ಒಂದು ತೆಳುವಾದ ಜೇಡಿಯ ಹಾಸು, ಅದರ ಕೆಳಗೆ ನೀರು ಸರಾಗವಾಗಿ ಹರಿಯುವ ಮರಳು ಇರುತ್ತದೆ. ಹೊಳೆ ತುಂಬಿದಾಗ ಮರಳಿನೊಳಗಿನ ನೀರಿನ ಒತ್ತಡ ಏರಿ, ಒಡ್ಡಿನ ಆಚೆ ಬದಿಯ ಹೊಲದಲ್ಲಿ ಜೇಡಿಯ ಹಾಸು ತೆಳುವಾಗಿರುವ ಕಡೆ ಮೇಲಕ್ಕೆ ಒತ್ತುತ್ತದೆ. ಆಗ ನೆಲದಿಂದ ನೀರು ಬುಗ್ಗೆಯಾಗಿ ಏಳುತ್ತದೆ. ಬರಿಯ ತಿಳಿನೀರು ಬಂದರೆ ಗಮನವಿಟ್ಟು ಕಾಯಬಹುದು. ನೀರಿನ ಜೊತೆ ಮರಳೂ ಬಂದು ಬುಗ್ಗೆಯ ಸುತ್ತ ಗುಡ್ಡೆ ಕಟ್ಟತೊಡಗಿದರೆ, ಒಡ್ಡಿನ ಅಡಿಯಿಂದ ಮಣ್ಣು ಕಳವಾಗುತ್ತಿದೆ ಎಂದೇ ಅರ್ಥ. ಈ ಸವೆತವು ಹೊಲದ ಕಡೆಯಿಂದ ಹೊಳೆಯ ಕಡೆಗೆ, ಅಂದರೆ ಹಿಮ್ಮುಖವಾಗಿ, ಕೊಳವೆಯಂತೆ ದಾರಿ ಕೊರೆಯುತ್ತಾ ಸಾಗುತ್ತದೆ. ಆ ದಾರಿ ಹೊಳೆಯನ್ನು ಮುಟ್ಟಿದ ಮೇಲೆ ಒಡ್ಡು ಕುಸಿಯಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಎಂಜಿನಿಯರುಗಳು ಇದನ್ನು ಪೈಪಿಂಗ್ ಎನ್ನುತ್ತಾರೆ.

ಈ ವಿಷಯದ ಅರಿವು ಹೊಸತಲ್ಲ. ಗಂಗಾ ನದಿಯ ನರೋರಾ ಅಡ್ಡಗಟ್ಟೆ 1898ರಲ್ಲಿ ಹಾಳಾದ ಮೇಲೆ ಅಡಿಯ ಜಿನುಗಿನ ಅಧ್ಯಯನಕ್ಕೆ ಒತ್ತು ಸಿಕ್ಕಿತು. 1910ರಲ್ಲಿ ಬ್ಲೈ, 1935ರಲ್ಲಿ ಲೇನ್ ಎಂಬ ಎಂಜಿನಿಯರುಗಳು ಲೆಕ್ಕದ ವಿಧಾನಗಳನ್ನು ಕೊಟ್ಟರು. ನೀರು ನೆಲದಿಂದ ಹೊರಬರುವ ಜಾಗದಲ್ಲಿ ಅದರ ಒತ್ತಡ ಎಷ್ಟು ಕಡಿದಾಗಿ ಇಳಿಯುತ್ತದೆ ಎಂಬುದೇ ನಿರ್ಣಾಯಕ ಎಂದು ನಮ್ಮ ದೇಶದ ಎಂಜಿನಿಯರ್ ಎ.ಎನ್. ಖೋಸ್ಲಾ ಅವರು 1930ರ ದಶಕದಲ್ಲಿ ತೋರಿಸಿಕೊಟ್ಟರು. ಸಾಮಾನ್ಯ ಮರಳಿನಲ್ಲಿ ಈ ಪ್ರಮಾಣ (ನೀರಿನ ಎತ್ತರದ ಲೆಕ್ಕದಲ್ಲಿ ಇಳಿದ ಒತ್ತಡವನ್ನು ನೀರು ಸಾಗಿದ ದೂರದಿಂದ ಭಾಗಿಸಿದ್ದು) 1ರ ಹತ್ತಿರ ಬಂದರೆ ಮರಳಿನ ಕಣಗಳು ತೇಲಿ ಏಳುತ್ತವೆ. ಆದ್ದರಿಂದ ಒಡ್ಡಿನ ಬುಡದಲ್ಲಿ ಅದು 0.5ನ್ನು ಮೀರದಂತೆ ಅಮೆರಿಕದ ಸೇನಾ ಎಂಜಿನಿಯರಿಂಗ್ ದಳ ನೋಡಿಕೊಳ್ಳುತ್ತದೆ.

ಪರಿಹಾರಗಳು ಹಲವಿವೆ, ಆದರೆ ಎಲ್ಲ ಕಡೆಗೂ ಒಂದೇ ಮದ್ದು ಹೊಂದುವುದಿಲ್ಲ. ಜಾಗವಿದ್ದಲ್ಲಿ ಹೊಲದ ಬದಿಯ ಬುಡಕ್ಕೆ ಅಗಲವಾದ ಮಣ್ಣಿನ ಮೆಟ್ಟಿಲನ್ನು ಕಟ್ಟಿ, ಅದರ ಭಾರದಿಂದಲೇ ಒತ್ತಡವನ್ನು ಅದುಮಬಹುದು. ಜಾಗವಿಲ್ಲದಲ್ಲಿ ಒಡ್ಡಿನ ಮಧ್ಯದಿಂದ ಕೆಳಗಿನ ಗಟ್ಟಿ ಪದರದವರೆಗೆ ಕಂದಕ ತೋಡಿ, ನೀರು ಹೀರಿ ಉಬ್ಬುವ ಬೆಂಟೊನೈಟ್ ಜೇಡಿ ಬೆರೆಸಿದ ಮಣ್ಣಿನಿಂದ ಅಥವಾ ಸಿಮೆಂಟಿನಿಂದ ತಡೆಗೋಡೆ ಇಳಿಸುತ್ತಾರೆ. ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ನಗರದ ಸುತ್ತ 1986 ಮತ್ತು 1997ರ ನೆರೆಗಳ ತರುವಾಯ ಇಂಥ ಗೋಡೆಗಳನ್ನು ಮೈಲುಗಟ್ಟಲೆ ಹಾಕಲಾಗಿದೆ. ಒತ್ತಡದ ನೀರನ್ನು ಮರಳು ಬಾರದಂತೆ ಸೋಸಿ ಹೊರಬಿಡುವ ಬಾವಿಗಳು ಮೂರನೆಯ ದಾರಿ. ಅವುಗಳ ಜರಡಿ ಕಟ್ಟಿಕೊಳ್ಳುತ್ತದೆಯಾದ್ದರಿಂದ ನಿಗದಿತವಾಗಿ ತೊಳೆಯುತ್ತಿರಬೇಕು, ಇಲ್ಲವಾದರೆ ಅವು ಇದ್ದೂ ಇಲ್ಲದಂತೆಯೇ.

ಎಲ್ಲಿ ಕೊರೆದು ನೋಡಬೇಕು ಎಂಬುದೂ ಮುಖ್ಯ. ನದಿ ಹಿಂದೆ ಹರಿದುಹೋದ ಹಳೆಯ ಪಾತ್ರವನ್ನು ಒಡ್ಡು ದಾಟುವ ಜಾಗಗಳೇ ಬಹುತೇಕ ದುರ್ಬಲ. ಹಳೆಯ ನಕ್ಷೆ, ಉಪಗ್ರಹ ಚಿತ್ರಗಳನ್ನು ನೋಡಿ ಅಂಥ ಕಡೆ ಕೊರೆತಗಳನ್ನು ಹತ್ತಿರ ಹತ್ತಿರ ಮಾಡಬೇಕು. ಎರಡು ಕೊರೆತಗಳ ನಡುವಿನ ನೆಲವನ್ನು ವಿದ್ಯುತ್ ರೋಧ ಅಳೆಯುವ ವಿಧಾನದಿಂದ ತಿಳಿಯಬಹುದು.

ಕೆಳಹೊಲ

ಮೇಡಂ, ನೀವು ಬರೆದ ಬುಗ್ಗೆಗಳನ್ನು ನಾವು ನೋಡಿದ್ದೇವೆ. ಅವು ಏಕೆ ಏಳುತ್ತವೆ ಎಂಬುದು ಇಂದು ಸ್ಪಷ್ಟವಾಯಿತು.

ನಮ್ಮ ಹೊಲ ಒಡ್ಡಿಗೆ ತಾಗಿಕೊಂಡಿದೆ. ಅದರ ಮೇಲೆ ದಿನವೂ ಓಡಾಡುವವರ ಕಣ್ಣಿಗೆ ಬೀಳುವ ಕೆಲವು ಸಂಗತಿಗಳನ್ನು ಹೇಳುತ್ತೇನೆ. ಹೆಗ್ಗಣಗಳು ಮತ್ತು ಮುಳ್ಳುಹಂದಿಗಳು ಇಳಿಜಾರಿನಲ್ಲಿ ಬಿಲ ತೋಡುತ್ತವೆ. ಪಂಪ್‌ಸೆಟ್ಟಿನ ಪೈಪುಗಳನ್ನು ಒಡ್ಡನ್ನು ಅಗೆದು ಹಾಯಿಸಿ, ಮೇಲೆ ಸಡಿಲ ಮಣ್ಣು ಮುಚ್ಚಿಬಿಡುತ್ತಾರೆ. ದನಗಳು ಒಂದೇ ಜಾಗದಲ್ಲಿ ಹತ್ತಿ ಇಳಿದು ಅಲ್ಲಿ ತಗ್ಗು ಬೀಳುತ್ತದೆ. ಮಳೆನೀರು ಅದೇ ತಗ್ಗನ್ನು ಹಿಡಿದು ಕೊರೆಯುತ್ತದೆ. ದುರಸ್ತಿಗೆ ಬಂದವರು ಮಣ್ಣನ್ನು ಒಡ್ಡಿನ ಬುಡದಿಂದಲೇ ಬಗೆದು, ಅದನ್ನೇ ಮೇಲೆ ಸುರಿದು, ಜೆಸಿಬಿಯ ಬಕೆಟ್ಟಿನಿಂದ ತಟ್ಟಿ ಹೋದದ್ದನ್ನೂ ನೋಡಿದ್ದೇನೆ. ಬಗೆದ ಗುಂಡಿಯಲ್ಲಿ ವರ್ಷವಿಡೀ ನೀರು ನಿಂತಿರುತ್ತದೆ. ಈ ಕೆಲಸ ಸರಿಯೋ ತಪ್ಪೋ ಎಂದು ನಮ್ಮಂಥವರು ಪರೀಕ್ಷಿಸುವುದು ಹೇಗೆ?

ಮಣ್ಣುಮಾಪಕ

ನೀವು ಹೇಳಿದ ಒಂದೊಂದೂ ಗಂಭೀರವಾದ ದೋಷವೇ. ಇಟಲಿಯ ಮೋಡೆನಾ ಪ್ರಾಂತ್ಯದಲ್ಲಿ 2014ರ ಜನವರಿಯಲ್ಲಿ ಸೆಕ್ಕಿಯಾ ನದಿಯ ಒಡ್ಡು ಒಡೆದುದಕ್ಕೆ ಪ್ರಾಣಿಗಳ ಬಿಲಗಳೇ ಕಾರಣವಾಗಿದ್ದಿರಬೇಕು ಎಂದು ತಜ್ಞರು ತೀರ್ಮಾನಿಸಿದರು. ಬಿಲದ ಬಾಯಿಗೆ ಮಣ್ಣು ತುರುಕಿದರೆ ಸಾಲದು. ಒಳಗಿನ ಪೊಳ್ಳು ಹಾಗೆಯೇ ಉಳಿಯುತ್ತದೆ. ಬಿಲದ ಉದ್ದಕ್ಕೂ ಅಗೆದು ಪದರ ಪದರವಾಗಿ ಮಣ್ಣು ತುಂಬಿ ದಮ್ಮಸು ಮಾಡಬೇಕು, ಅಥವಾ ತೆಳುವಾದ ಸಿಮೆಂಟು ಮತ್ತು ಬೆಂಟೊನೈಟ್ ಮಿಶ್ರಣವನ್ನು ಒಳಗೆ ಹರಿಸಿ ಪೊಳ್ಳನ್ನೆಲ್ಲ ತುಂಬಬೇಕು.

ಬುಡದಲ್ಲಿ ಗುಂಡಿ ತೋಡುವುದಂತೂ ಅತ್ಯಂತ ಹಾನಿಕಾರಕ. ಅಡಿಯ ಮರಳಿನ ಒತ್ತಡವನ್ನು ಹಿಡಿದಿಟ್ಟಿದ್ದ ಜೇಡಿಯ ಹಾಸನ್ನೇ ಅದು ಕಿತ್ತುಹಾಕುತ್ತದೆ. ಮುಂದಿನ ನೆರೆಯಲ್ಲಿ ಬುಗ್ಗೆ ಏಳುವುದು ಆ ಗುಂಡಿಯೊಳಗೇ. ಮಣ್ಣನ್ನು ದೂರದಿಂದಲೇ ತರಬೇಕು, ಆಳವಾಗಿ ತೋಡಲೂ ಬಾರದು. ಪೈಪನ್ನು ಆದಷ್ಟು ಒಡ್ಡಿನ ತಲೆಯ ಮೇಲಿಂದ ದಾಟಿಸಬೇಕು. ಒಳಗೆ ಹಾಯಿಸಲೇಬೇಕಾದಲ್ಲಿ ಹೊಲದ ಬದಿಯ ಭಾಗದಲ್ಲಿ ಪೈಪಿನ ಸುತ್ತ ಮರಳಿನ ಸೋಸುಪದರ ಇರಬೇಕು, ಏಕೆಂದರೆ ಪೈಪಿಗೂ ಮಣ್ಣಿಗೂ ನಡುವಿನ ಸಂದಿನಲ್ಲಿ ನೀರು ಬಹಳ ಬೇಗ ದಾರಿ ಮಾಡಿಕೊಳ್ಳುತ್ತದೆ.

ನೀವೇ ನಿಂತು ನೋಡಬಹುದಾದ ಸಂಗತಿಗಳು ಇವು. ಹಳೆಯ ಇಳಿಜಾರಿನ ಹುಲ್ಲು, ಬೇರು, ಮೇಲ್ಮಣ್ಣನ್ನು ಪೂರ್ತಿ ಕೆರೆದು ತೆಗೆದು, ಅದನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದ ಮೇಲೆಯೇ ಹೊಸ ಮಣ್ಣು ಹಾಕಬೇಕು. ನುಣುಪಾದ ಇಳಿಜಾರಿನ ಮೇಲೆ ಸುರಿದ ಮಣ್ಣು ಹಳೆಯದಕ್ಕೆ ಬೆಸೆಯದೆ ಒಂದು ಮಳೆಗೇ ಹಾಳೆಯಂತೆ ಕಳಚಿ ಜಾರುತ್ತದೆ. ಪದರದ ದಪ್ಪ ಒಂದು ಅಡಿಯನ್ನು ಮೀರಬಾರದು, ಮುಕ್ಕಾಲು ಅಡಿಯಾದರೆ ಒಳ್ಳೆಯದು, ಪ್ರತಿ ಪದರದ ಮೇಲೂ ರೋಲರ್ ಓಡಬೇಕು. ಜೇಡಿ ಮಣ್ಣಿಗೆ ಬೇಕಾದದ್ದು ಕುರಿಗಾಲು ರೋಲರ್, ಅಂದರೆ ಉರುಳೆಯ ಮೈಮೇಲೆ ಗೊರಸಿನಂಥ ಉಬ್ಬುಗಳಿರುವುದು. ಬಕೆಟ್ಟಿನಿಂದ ತಟ್ಟುವುದು ದಮ್ಮಸಾಗುವುದಿಲ್ಲ. ಮಣ್ಣಿನ ತೇವಕ್ಕೂ ಒಂದು ಹದವಿದೆ ಎಂಬುದನ್ನು ಅಮೆರಿಕದ ಎಂಜಿನಿಯರ್ ಪ್ರಾಕ್ಟರ್ 1933ರಲ್ಲಿ ವಿವರಿಸಿದರು. ಒಣ ಮಣ್ಣು ಎಷ್ಟು ಹೊಡೆದರೂ ಕೂಡಿಕೊಳ್ಳದು, ರಾಡಿ ಮಣ್ಣು ರೋಲರಿನಡಿ ತೇಲಾಡುತ್ತದೆ. ಅಂಗೈಯಲ್ಲಿ ಹಿಡಿದು ಅದುಮಿದಾಗ ಉಂಡೆಯಾಗಿ ನಿಲ್ಲಬೇಕು, ಕೈಗೆ ನೀರು ಬಿಡಬಾರದು. ಇದು ಒಂದು ಅಂದಾಜು ಮಾತ್ರ. ಪ್ರಯೋಗಾಲಯದಲ್ಲಿ ಸಿಗುವ ಗರಿಷ್ಠ ಸಾಂದ್ರತೆಯ 95 ಪ್ರತಿಶತದಷ್ಟಾದರೂ ಸ್ಥಳದಲ್ಲಿ ಬಂದಿದೆಯೇ ಎಂಬ ಪರೀಕ್ಷೆಯ ವರದಿಯನ್ನು ಕೇಳಿ ಪಡೆಯಿರಿ.

ಒಡೆದ ಕಡೆಯನ್ನು ಮುಚ್ಚುವ ವಿಷಯದಲ್ಲಿ ಒಂದು ಮಾತು. ನೀರು ನುಗ್ಗಿದ ಜಾಗದಲ್ಲಿ ಆಳವಾದ ಮಡು ಬಿದ್ದಿರುತ್ತದೆ. ತುರ್ತಿನಲ್ಲಿ ಸಿಕ್ಕಿದ್ದನ್ನೆಲ್ಲ ಹಾಕಿ ಮುಚ್ಚುವುದು ಅನಿವಾರ್ಯವಾಗಬಹುದು. 2013ರ ಜೂನ್‌ನಲ್ಲಿ ಜರ್ಮನಿಯ ಫಿಷ್‌ಬೆಕ್ ಬಳಿ ಎಲ್ಬೆ ನದಿಯ ಒಡ್ಡು ಒಡೆದ ಜಾಗವನ್ನು ಮುಚ್ಚಲು ದೊಡ್ಡ ದೋಣಿಗಳನ್ನೇ ಮುಳುಗಿಸಬೇಕಾಯಿತು. ಆದರೆ ಹಾಗೆ ತುಂಬಿದ ಕಲ್ಲು, ಚೀಲ, ಮರಗಳ ಮೇಲೆಯೇ ಶಾಶ್ವತ ಒಡ್ಡನ್ನು ಕಟ್ಟಬಾರದು. ಒಂದೋ ಅದನ್ನೆಲ್ಲ ತೆಗೆದು ಬುಡದಿಂದ ಕಟ್ಟಬೇಕು, ಇಲ್ಲವೇ ಮಡುವನ್ನು ಬಳಸಿಕೊಂಡು ಹೋಗುವಂತೆ ಹೊಸ ಒಡ್ಡನ್ನು ಕಟ್ಟಬೇಕು.

ನೀರಲೆಕ್ಕ

ಮೊದಲ ಬರಹದ ಆಶಯವನ್ನು ಒಪ್ಪುತ್ತೇನೆ, ಆದರೆ ಒತ್ತು ಒಂದೇ ಕಡೆ ವಾಲಿದೆ ಎನ್ನಿಸುತ್ತದೆ. ಜಪಾನಿನಲ್ಲಿ 2019ರ ಅಕ್ಟೋಬರ್‌ನ ಹಗಿಬಿಸ್ ಚಂಡಮಾರುತದ ವೇಳೆ ಸುಮಾರು 140 ಕಡೆ ಒಡ್ಡುಗಳು ಒಡೆದವು. ಅವುಗಳಲ್ಲಿ ಬಹುಪಾಲು ಒಡೆದದ್ದು ನೀರು ಮೇಲೆ ಉಕ್ಕಿಯೇ. ಉಕ್ಕಿದ ನೀರು ಹೊಲದ ಬದಿಯ ಇಳಿಜಾರಿನಲ್ಲಿ ವೇಗವಾಗಿ ಧುಮುಕಿ, ಬುಡವನ್ನು ಕೊರೆದು, ಕೆಳಗಿನಿಂದ ಮೇಲಕ್ಕೆ ಒಡ್ಡನ್ನು ತಿನ್ನುತ್ತದೆ. ಆದ್ದರಿಂದ ನೀರಿನ ಮಟ್ಟದ ಪ್ರಶ್ನೆಯನ್ನು ಬದಿಗಿಡಲಾಗದು.

ಆ ಪ್ರಶ್ನೆಗೆ ಎತ್ತರ ಒಂದೇ ಉತ್ತರವಲ್ಲ ಎಂಬುದೂ ಅಷ್ಟೇ ನಿಜ. ನೂರು ವರ್ಷಕ್ಕೊಮ್ಮೆ ಬರುವ ನೆರೆಗೆ ಕಟ್ಟಿದ ಒಡ್ಡು ಎಂದರೆ ನೂರು ವರ್ಷ ನಿಶ್ಚಿಂತೆ ಎಂದಲ್ಲ. ಯಾವುದೇ 30 ವರ್ಷಗಳ ಅವಧಿಯಲ್ಲಿ ಅಂಥ ನೆರೆ ಒಮ್ಮೆಯಾದರೂ ಬರುವ ಸಾಧ್ಯತೆ ಸುಮಾರು 26 ಪ್ರತಿಶತ. ಒಂದು ದಡವನ್ನು ಎತ್ತರಿಸಿದರೆ ನೀರು ಎದುರು ದಡಕ್ಕೆ ಅಥವಾ ಕೆಳಗಿನ ಊರುಗಳಿಗೆ ಹೋಗುತ್ತದೆ. ಎರಡೂ ದಡಗಳನ್ನು ಎತ್ತರಿಸಿದರೆ ನದಿ ಇಕ್ಕಟ್ಟಾಗಿ ಮಟ್ಟ ಏರುತ್ತದೆ, ಹೂಳು ತರುವ ನದಿಯಾದರೆ ತಳವೂ ಏರುತ್ತದೆ. ಚೀನಾದ ಹಳದಿ ನದಿ ಹೀಗೆಯೇ ಸುತ್ತಲ ನೆಲಕ್ಕಿಂತ ಎತ್ತರದಲ್ಲಿ ಹರಿಯುವಂತಾಗಿದೆ.

ಅಮೆರಿಕದ ಮಿಸಿಸಿಪ್ಪಿ ನದಿಯಲ್ಲಿ ಒಡ್ಡುಗಳೊಂದೇ ಸಾಕು ಎಂಬ ನೀತಿಯನ್ನು ದಶಕಗಳ ಕಾಲ ನಡೆಸಿಕೊಂಡು ಬಂದಿದ್ದರು. 1927ರ ಮಹಾ ನೆರೆ ಅದನ್ನು ಸುಳ್ಳು ಮಾಡಿತು. 1928ರ ಕಾನೂನು ಒಡ್ಡುಗಳ ಜೊತೆಗೆ ನೀರು ಬಿಡುವ ಕೋಡಿಗಳಿಗೂ ನೆರೆನೀರನ್ನು ಹರಿಯಬಿಡಲು ಮೀಸಲಿಟ್ಟ ನೆರೆಹಾದಿಗಳಿಗೂ ಜಾಗ ಮಾಡಿಕೊಟ್ಟಿತು. ನೆದರ್‌ಲೆಂಡ್ಸ್‌ನಲ್ಲಿ 1995ರಲ್ಲಿ ಸುಮಾರು ಎರಡೂವರೆ ಲಕ್ಷ ಜನರನ್ನು ಸ್ಥಳಾಂತರಿಸಬೇಕಾಗಿ ಬಂದ ಮೇಲೆ, ನದಿಗೆ ಜಾಗ ಬಿಟ್ಟುಕೊಡುವ ಕಾರ್ಯಕ್ರಮವನ್ನು ಮೂವತ್ತಕ್ಕೂ ಹೆಚ್ಚು ಕಡೆ ಕೈಗೊಂಡರು. ನೈಮೇಖೆನ್ ನಗರದ ಎದುರು ಒಡ್ಡನ್ನೇ 350 ಮೀಟರ್ ಹಿಂದಕ್ಕೆ ಸರಿಸಿದರು. ಬಲವರ್ಧನೆಯ ಪ್ರತಿಯೊಂದು ಯೋಜನೆಯಲ್ಲೂ, ಈ ಒಡ್ಡನ್ನು ಇದ್ದಲ್ಲಿಯೇ ಗಟ್ಟಿ ಮಾಡಬೇಕೋ ಹಿಂದಕ್ಕೆ ಸರಿಸಬೇಕೋ ಎಂಬುದನ್ನು ತೂಗಿ ನೋಡಲೇಬೇಕು ಎಂದು ನಾನು ಭಾವಿಸುತ್ತೇನೆ.

ಹೊಳೆದಂಡೆ

ಸರ್, ಜಪಾನಿನ ಉದಾಹರಣೆಯಿಂದ ಚರ್ಚೆಗೆ ಬಲ ಬಂದಿದೆ. ಆದರೂ ಅಲ್ಲಿಂದ ಹೊರಡುವ ನಿರ್ಣಯ ಮತ್ತೆ ಗಟ್ಟಿತನದ ಕಡೆಗೇ ಬರುತ್ತದೆ ಎಂದು ನನಗನ್ನಿಸುತ್ತದೆ. ಯಾವ ಎತ್ತರವನ್ನೂ ಮೀರುವ ನೆರೆ ಎಂದಾದರೂ ಬಂದೇ ಬರುತ್ತದೆ ಎಂದಾದರೆ, ಉಕ್ಕಿದರೂ ಕೆಲವು ಗಂಟೆ ಒಡೆಯದೆ ನಿಲ್ಲುವ ಒಡ್ಡು ನಮಗೆ ಬೇಕು. ಉಕ್ಕಿದ ನೀರು ಹೊಲವನ್ನು ಮೊಣಕಾಲಷ್ಟು ತುಂಬಬಹುದು; ಒಡೆದ ಒಡ್ಡಿನಿಂದ ನುಗ್ಗಿದ ನೀರು ಮನೆಗಳನ್ನೇ ಕೊಚ್ಚಿಕೊಂಡು ಹೋಗುತ್ತದೆ. ನ್ಯೂ ಆರ್ಲಿಯನ್ಸ್‌ನಲ್ಲಿ ಕತ್ರಿನಾ ನಂತರ ಒಡ್ಡುಗಳ ಭೂಮಿಯ ಬದಿಯ ಇಳಿಜಾರಿಗೆ ಬಲವಾದ ಜಾಲರಿ ಹಾಸಿ, ಅದರೊಳಗಿಂದ ಹುಲ್ಲು ಬೆಳೆಯುವಂತೆ ಮಾಡಿದ್ದು ಇದೇ ಕಾರಣಕ್ಕೆ. ಇನ್ನೊಂದು ದಾರಿಯೆಂದರೆ, ಹಾನಿ ಕಡಿಮೆಯಾಗುವ ಕಡೆಯೊಂದರಲ್ಲಿ ಒಡ್ಡಿನ ತಲೆಯನ್ನು ತುಸು ತಗ್ಗಿಸಿ, ಅಲ್ಲಿ ಎರಡೂ ಬದಿಗೆ ಕಲ್ಲು ಅಥವಾ ಕಾಂಕ್ರೀಟು ಹೊದಿಸಿ, ನೀರು ಉಕ್ಕುವುದಾದರೆ ನಾವು ಗೊತ್ತುಮಾಡಿದ ಜಾಗದಲ್ಲೇ ಉಕ್ಕುವಂತೆ ನೋಡಿಕೊಳ್ಳುವುದು.

ಹಸಿರುಹಾಸು

ಹುಲ್ಲಿನ ಮಾತು ಬಂದದ್ದರಿಂದ ಸೇರಿಸುತ್ತೇನೆ. ದಟ್ಟವಾಗಿ, ಬರಿದಾದ ತೇಪೆಗಳಿಲ್ಲದೆ ಬೆಳೆದ ಹುಲ್ಲು ಅಗ್ಗವೂ ಹೌದು, ಬಲವಾದ ರಕ್ಷಣೆಯೂ ಹೌದು. ಗರಿಕೆಯಂಥ ಹಬ್ಬುವ ಹುಲ್ಲು ಇಳಿಜಾರಿಗೆ ಹೊಂದುತ್ತದೆ. ಲಾವಂಚದ ಸಾಲುಗಳು ಆಳಕ್ಕೆ ಬೇರಿಳಿಸಿ ಮಣ್ಣನ್ನು ಹಿಡಿಯುತ್ತವೆ. ಹುಲ್ಲನ್ನು ಕಾಲಕಾಲಕ್ಕೆ ಕತ್ತರಿಸುವುದರಿಂದ ಬಿಲ, ಬಿರುಕು, ತೇವದ ಗುರುತುಗಳು ಕಣ್ಣಿಗೆ ಬೀಳುತ್ತವೆ ಎಂಬ ಲಾಭವೂ ಇದೆ. ಒಡ್ಡಿನ ಮೇಲೆ ದೊಡ್ಡ ಮರಗಳನ್ನು ಬೆಳೆಸುವುದು ಬೇಡ. ಗಾಳಿಗೆ ಮರ ಬುಡಮೇಲಾದರೆ ಒಡ್ಡಿನ ಒಂದು ಭಾಗವೇ ಕಿತ್ತುಬರುತ್ತದೆ, ಸತ್ತ ಬೇರು ಕೊಳೆತ ಜಾಗ ನೀರಿಗೆ ದಾರಿಯಾಗುತ್ತದೆ. ಹೊಳೆಗೂ ಒಡ್ಡಿಗೂ ನಡುವೆ ಬಯಲಿದ್ದರೆ ಮರಗಳಿಗೆ ಅದು ತಕ್ಕ ಜಾಗ. ಅಲ್ಲಿ ಅವು ಅಲೆಯ ಹೊಡೆತವನ್ನು ತಗ್ಗಿಸುತ್ತವೆ.

ಹೊಳೆಯ ಬದಿಯ ಬುಡದ ಕೊರೆತಕ್ಕೆ ಹುಲ್ಲು ಸಾಲದು. ನದಿ ತಿರುವಿನ ಹೊರಬದಿಯಲ್ಲಿ ಕಲ್ಲು ಹೊದಿಸುವಾಗ ಕಲ್ಲಿನಡಿ ನೀರನ್ನು ಬಿಟ್ಟು ಮಣ್ಣನ್ನು ಹಿಡಿಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಅಥವಾ ಜಲ್ಲಿಯ ಸೋಸುಪದರ ಇಲ್ಲದಿದ್ದರೆ, ಕಲ್ಲುಗಳ ಸಂದಿನಿಂದ ಮಣ್ಣು ಹೀರಿಹೋಗಿ ಹೊದಿಕೆ ಕುಸಿಯುತ್ತದೆ. ಕಲ್ಲುಹೊದಿಕೆಯನ್ನು ಬುಡದಲ್ಲಿ ನಿಲ್ಲಿಸದೆ, ನದಿಯ ತಳದ ಮೇಲೂ ಅಗಲವಾಗಿ ಹಾಸಬೇಕು. ತಳ ಕೊರೆದಂತೆಲ್ಲ ಆ ಕಲ್ಲುಗಳು ತಾವಾಗಿಯೇ ಕೆಳಗೆ ಜಾರಿ ಹೊಸ ಇಳಿಜಾರನ್ನು ಮುಚ್ಚಿಕೊಳ್ಳುತ್ತವೆ. ಕಲ್ಲು ದುರ್ಲಭವಾದ ಕಡೆ ಅಂಥದೇ ಬಟ್ಟೆಯಿಂದ ಹೊಲಿದು ಮರಳು ತುಂಬಿದ ಜಿಯೋಚೀಲಗಳನ್ನು ಬಳಸುತ್ತಾರೆ.

ಹೊಳೆ ಇಳಿಯುವಾಗಲೂ ಅಪಾಯವಿದೆ. ನೀರಿನ ಮಟ್ಟ ಬೇಗ ಕುಸಿದಾಗ ಒಡ್ಡಿನೊಳಗಿನ ತೇವ ಅಷ್ಟು ಬೇಗ ಹೊರಬರುವುದಿಲ್ಲ, ಎದುರಿಗೆ ಒತ್ತಿ ಹಿಡಿದಿದ್ದ ನೀರೂ ಇರುವುದಿಲ್ಲ. ಆಗ ಹೊಳೆಯ ಬದಿಯ ಇಳಿಜಾರು ಜಾರುತ್ತದೆ. ನೆರೆ ಹೋಯಿತೆಂದು ಪಹರೆ ಬಿಡಬಾರದು.

ಕೆಳಹೊಲ

ಒಡ್ಡನ್ನು ಹಿಂದಕ್ಕೆ ಸರಿಸಬೇಕು ಎಂದಿರಿ. ಸರಿಸಿದರೆ ಒಳಗೆ ಸಿಲುಕುವುದು ನಮ್ಮ ಹೊಲ, ನಮ್ಮ ಮನೆ. ಕೋಸಿಯ ಎರಡು ಒಡ್ಡುಗಳ ನಡುವೆ ನೂರಾರು ಹಳ್ಳಿಗಳು ಉಳಿದುಹೋಗಿ, ಅಲ್ಲಿನ ಜನ ತಲೆಮಾರುಗಳಿಂದ ನೆರೆಯೊಳಗೇ ಬದುಕುತ್ತಿದ್ದಾರೆ. ಊರಿನ ರಕ್ಷಣೆಗಾಗಿ ಕೆಲವರ ಭೂಮಿಯನ್ನು ನದಿಗೆ ಕೊಡುವುದಾದರೆ ಆ ಕೆಲವರಿಗೆ ಏನು ಸಿಗುತ್ತದೆ ಎಂಬುದು ಮೊದಲು ತೀರ್ಮಾನವಾಗಬೇಕು. ಇನ್ನೊಂದು ಪ್ರಶ್ನೆ, ಇದು ತುರ್ತಿನದು: ಮಧ್ಯರಾತ್ರಿ ಮರಳು ಬುಗ್ಗೆ ಕಂಡರೆ, ಅಧಿಕಾರಿಗಳು ಬರುವವರೆಗೆ ನಾವೇನು ಮಾಡಬೇಕು?

ಮಣ್ಣುಮಾಪಕ

ಎರಡನೆಯದಕ್ಕೆ ನಾನು ಉತ್ತರಿಸುತ್ತೇನೆ. ಬುಗ್ಗೆಯನ್ನು ಮುಚ್ಚಿಹಾಕಬೇಡಿ. ಮೇಲೆ ಜೇಡಿ ಸುರಿದರೆ ಅಥವಾ ಪ್ಲಾಸ್ಟಿಕ್ ಹೊದಿಸಿದರೆ ಒತ್ತಡ ಪಕ್ಕದಲ್ಲಿ ಇನ್ನೊಂದು ಬಾಯಿ ತೆರೆಯುತ್ತದೆ. ಬುಗ್ಗೆಯ ಸುತ್ತ ಸ್ವಲ್ಪ ಜಾಗ ಬಿಟ್ಟು ಮರಳುಚೀಲಗಳನ್ನು ಬಳೆಯಾಕಾರದಲ್ಲಿ ಪೇರಿಸಿ, ಒಳಗೆ ನೀರು ನಿಲ್ಲುವಂತೆ ಮಾಡಿ. ನಿಂತ ನೀರಿನ ಭಾರ ಒತ್ತಡವನ್ನು ತಗ್ಗಿಸುತ್ತದೆ. ನೀರು ತಿಳಿಯಾಗಿ, ಮರಳಿಲ್ಲದೆ ಬರುವ ಎತ್ತರಕ್ಕೆ ಚೀಲಗಳನ್ನು ನಿಲ್ಲಿಸಿ, ಹೆಚ್ಚುವರಿ ನೀರು ಒಂದು ಕಡೆಯಿಂದ ಹರಿದುಹೋಗಲು ಬಾಯಿ ಬಿಡಿ. ಜಪಾನಿನ ನೆರೆರಕ್ಷಣಾ ದಳಗಳೂ ಒಡ್ಡಿನ ಬುಡದಲ್ಲಿ ಇಂಥದೇ ಅರ್ಧಚಂದ್ರಾಕಾರದ ಕಟ್ಟೆಯನ್ನು ಕಟ್ಟುತ್ತವೆ. ಹೊಲದ ಬದಿಯ ಇಳಿಜಾರು ಜಾರುತ್ತಿದ್ದರೆ ಚೀಲಗಳನ್ನು ಒಡ್ಡಿನ ತಲೆಯ ಮೇಲೆ ಹೇರಬಾರದು, ಬುಡದಲ್ಲಿ ಇಡಬೇಕು. ಪ್ಲಾಸ್ಟಿಕ್ ಹಾಳೆಯನ್ನು ಹೊದಿಸುವುದಾದರೆ ಹೊಳೆಯ ಬದಿಗೆ ಮಾತ್ರ. ರಾತ್ರಿ ಪಹರೆಗೆ ಒಬ್ಬರೇ ಹೋಗಬೇಡಿ. ಬುಗ್ಗೆಯ ಜಾಗಕ್ಕೆ ಕೋಲು ನೆಟ್ಟು ಬಟ್ಟೆ ಕಟ್ಟಿ, ಸಮಯವನ್ನೂ ಹೊಳೆಯ ಮಟ್ಟವನ್ನೂ ಬರೆದಿಡಿ. ನೀರು ಕದಡಿ ಬರುವುದು ಹೆಚ್ಚುತ್ತಲೇ ಇದ್ದರೆ ಚೀಲಗಳನ್ನು ಬಿಟ್ಟು ಮೊದಲು ಜನರನ್ನು ಹೊರಡಿಸಿ.

ನೀರಲೆಕ್ಕ

ಮೊದಲ ಪ್ರಶ್ನೆ ನನ್ನ ಪಾಲಿನದು, ಅದನ್ನು ಎತ್ತಿದ್ದು ನ್ಯಾಯವಾಗಿಯೇ ಇದೆ. ಅಮೆರಿಕದ ಮಿಸೂರಿ ರಾಜ್ಯದ ಬರ್ಡ್ಸ್ ಪಾಯಿಂಟ್ ನೆರೆಹಾದಿಯಲ್ಲಿ 2011ರ ಮೇ 2ರಂದು ಒಡ್ಡನ್ನು ಸ್ಫೋಟಿಸಿ ಸುಮಾರು 1.3 ಲಕ್ಷ ಎಕರೆಗೆ ನೀರು ಬಿಟ್ಟಾಗ, ಆ ಭೂಮಿಗೆ ನೀರು ಹರಿಸುವ ಹಕ್ಕನ್ನು ಸರ್ಕಾರ ದಶಕಗಳ ಹಿಂದೆಯೇ ಹಣ ಕೊಟ್ಟು ಕೊಂಡಿತ್ತು. ಹಾಗಿದ್ದರೂ ರೈತರ ನಷ್ಟ, ಅಸಮಾಧಾನ ಸಣ್ಣದಾಗಿರಲಿಲ್ಲ, ವಿಷಯ ನ್ಯಾಯಾಲಯದವರೆಗೂ ಹೋಯಿತು. ಇದಕ್ಕಿಂತ ಒಳ್ಳೆಯ ಮಾದರಿ ನೆದರ್‌ಲೆಂಡ್ಸ್‌ನ ಓವರ್‌ಡೀಪ್ಸೆ ಪೋಲ್ಡರಿನದು (ಪೋಲ್ಡರ್ ಎಂದರೆ ಸುತ್ತ ಒಡ್ಡು ಕಟ್ಟಿ ಕಾಪಾಡಿದ ತಗ್ಗು ಭೂಮಿ). ತಮ್ಮ ಭೂಮಿಗೆ ನೀರು ಬಿಡುವುದು ಖಚಿತವೆಂದು ತಿಳಿದ ರೈತರು ತಾವೇ ಒಂದು ಯೋಜನೆಯನ್ನು ಮುಂದಿಟ್ಟರು. ಅದರಂತೆ ಎತ್ತರದ ಮಣ್ಣಿನ ದಿಬ್ಬಗಳನ್ನು ಕಟ್ಟಿ, ಅಲ್ಲಿಯೇ ಇರಲು ನಿರ್ಧರಿಸಿದವರ ಮನೆ, ಕೊಟ್ಟಿಗೆಗಳನ್ನು ಅವುಗಳ ಮೇಲಕ್ಕೆ ಸ್ಥಳಾಂತರಿಸಲಾಯಿತು. ಉಳಿದ ಕುಟುಂಬಗಳು ಪರಿಹಾರ ಪಡೆದು ಬೇರೆಡೆ ಬೇಸಾಯ ಹೂಡಿದವು. ನಕ್ಷೆಯ ಮೇಲೆ ಗೆರೆ ಎಳೆಯುವ ಮೊದಲೇ ಆ ಗೆರೆಯೊಳಗೆ ಬರುವವರನ್ನು ಕೂರಿಸಿಕೊಂಡು ಮಾತಾಡದಿದ್ದರೆ, ಒಡ್ಡನ್ನು ಸರಿಸುವ ಯೋಜನೆಗೆ ನಾನೂ ಬೆಂಬಲ ಕೊಡುವುದಿಲ್ಲ.

ನಿರ್ವಹಣೆಯ ಹಣದ ಬಗ್ಗೆಯೂ ನೆದರ್‌ಲೆಂಡ್ಸ್‌ನಿಂದ ಕಲಿಯುವುದಿದೆ. ಮಧ್ಯಯುಗದಿಂದ ನಡೆದುಬಂದ ಅಲ್ಲಿನ ಜಲಮಂಡಳಿಗಳಿಗೆ ತಮ್ಮದೇ ಚುನಾವಣೆ, ತಮ್ಮದೇ ತೆರಿಗೆ ಇದೆ. ಮುಖ್ಯ ಒಡ್ಡುಗಳ ಸುರಕ್ಷತೆಯನ್ನು 12 ವರ್ಷಕ್ಕೊಮ್ಮೆ ಪೂರ್ತಿಯಾಗಿ ಅಳೆಯಬೇಕೆಂದು ಕಾನೂನೇ ಹೇಳುತ್ತದೆ. ಒಡ್ಡು ಒಡೆದ ವರ್ಷ ಮಾತ್ರ ಹಣ ಬರುವ ವ್ಯವಸ್ಥೆಯಲ್ಲಿ ಬಿಲ ಮುಚ್ಚುವುದಕ್ಕೆ, ಹುಲ್ಲು ಕತ್ತರಿಸುವುದಕ್ಕೆ, ಸೋಸುಬಾವಿ ತೊಳೆಯುವುದಕ್ಕೆ ಹಣ ಉಳಿಯುವುದಿಲ್ಲ.

ಹೊಳೆದಂಡೆ

ಇಲ್ಲಿ ಬಂದ ಮಾತುಗಳನ್ನು ಆಧರಿಸಿ ಒಂದು ಸಲಹೆ ಇಡುತ್ತೇನೆ. ಒಡ್ಡನ್ನು ನೂರು ನೂರು ಮೀಟರಿನ ಭಾಗಗಳಾಗಿ ಗುರುತಿಸಿ, ಪ್ರತಿ ಭಾಗಕ್ಕೂ ಒಂದು ಪುಟವಿರುವ ದಾಖಲೆ ಪುಸ್ತಕವನ್ನು ಅಲ್ಲಿನ ಜನರೇ ಇಟ್ಟುಕೊಳ್ಳಬಹುದು. ಬಿಲ, ಪೈಪು, ತಗ್ಗು, ಹಿಂದೆ ಬುಗ್ಗೆ ಎದ್ದ ಜಾಗ, ಹಿಂದೆ ಒಡೆದು ಮುಚ್ಚಿದ ಜಾಗ, ಇವನ್ನೆಲ್ಲ ಛಾಯಾಚಿತ್ರ ಮತ್ತು ದಿನಾಂಕದೊಂದಿಗೆ ಬರೆಯಬಹುದು. ಮಳೆಗಾಲಕ್ಕೆ ಮೊದಲು ಒಮ್ಮೆ, ಹೊಳೆ ತುಂಬಿದ್ದಾಗ ಒಮ್ಮೆ, ನೀರು ಇಳಿದ ಕೂಡಲೇ ಒಮ್ಮೆ ನಡೆದು ನೋಡಬೇಕು. ಕೊರೆತ ಪರೀಕ್ಷೆಗೆ ಎಂಜಿನಿಯರುಗಳು ಬಂದಾಗ ಎಲ್ಲಿ ಕೊರೆಯಬೇಕು ಎಂಬುದನ್ನು ತೋರಿಸಲು ಆ ಪುಸ್ತಕ ನೆರವಾಗುತ್ತದೆ. ಕೆಳಹೊಲದವರೇ, ನಿಮ್ಮ ಕಡೆಯ ಬುಗ್ಗೆಗಳು ಒಡ್ಡಿನ ಬುಡದಿಂದ ಎಷ್ಟು ದೂರದಲ್ಲಿ ಏಳುತ್ತವೆ, ಹತ್ತಿರದಲ್ಲಿ ಹಳೆಯ ಹೊಳೆಯ ತಗ್ಗು ಇದೆಯೇ ಎಂಬುದನ್ನು ನೋಡಿ ಬರೆಯುವಿರಾ?

ಕೆಳಹೊಲ

ಬುಡದಿಂದ ಹತ್ತಾರು ಹೆಜ್ಜೆಯೊಳಗೇ ಏಳುತ್ತವೆ. ಹಳೆಯ ಹೊಳೆಯ ತಗ್ಗು ಇದೆ, ಒಡ್ಡು ಅದನ್ನು ದಾಟಿಯೇ ಹೋಗುತ್ತದೆ. ಪುಸ್ತಕದ ಮೊದಲ ಪುಟವನ್ನು ಆ ಜಾಗದಿಂದಲೇ ಆರಂಭಿಸುತ್ತೇನೆ, ಬುಡದಲ್ಲಿ ಬಗೆದ ಗುಂಡಿಯ ಅಳತೆಯನ್ನೂ ಸೇರಿಸುತ್ತೇನೆ.